ರಾತ್ರಿ ಉಬ್ಬಸಕ್ಕೆ ಮನೆಯೊಳಗಿನ ಗಾಳಿಯೂ ಕಾರಣ

ಸಹೋದರಿಯರೇ, ಸಂಘದ ಸಾಲದ ಪುಸ್ತಕವನ್ನೊಮ್ಮೆ ತೆಗೆದು ನೋಡಿ. ಮಳೆಗಾಲ ಮುಗಿದು ಚಳಿ ಶುರುವಾಗುವ ತಿಂಗಳುಗಳಲ್ಲಿ ‘ಮಗುವಿನ ಆಸ್ಪತ್ರೆ ಖರ್ಚು’ ಅಂತ ಬರೆಸಿದ ಸಾಲ ಎಷ್ಟಿದೆ? ಸೀನು, ನೆಗಡಿ, ರಾತ್ರಿಯಾದರೆ ಉಬ್ಬಸ. ನಾವೆಲ್ಲ ಚಳಿಗಾಳಿಯನ್ನೇ ದೂರುತ್ತೇವೆ. ಅದು ಒಳಗೆ ಬರಬಾರದೆಂದು ಕಿಟಕಿ ಮುಚ್ಚಿ, ಸೊಳ್ಳೆಬತ್ತಿ ಹಚ್ಚಿ ಮಲಗುತ್ತೇವೆ. ತೊಂದರೆ ಹೆಚ್ಚುವುದು ಅಲ್ಲೇ.

ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬರುವ ಅತಿಸಣ್ಣ ಹೊಗೆಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬೀಡಿ ಸೇದುವ ಗಂಡನನ್ನು ಜಗಲಿಗೆ ಕಳಿಸುವ ನಾವು ಇದನ್ನು ಮಗುವಿನ ತಲೆ ಹತ್ತಿರವೇ ಇಡುತ್ತೇವೆ! ಇದರ ಬದಲು ಸೊಳ್ಳೆಪರದೆ ಕಟ್ಟಿ. ಎಳೆಮಗುವಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದೂ ಬೇಡ. ಹಿರಿಯರನ್ನು ಒಪ್ಪಿಸುವುದು ಕಷ್ಟ, ನಿಜ. ತಲೆಯನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರೆ ಸಾಕು ಅಂತ ನಿಧಾನವಾಗಿ ಹೇಳಿ.

ಅಡುಗೆಗೆ ಗ್ಯಾಸ್ ಬಂದಿದ್ದರೂ ಬಿಸಿನೀರಿಗೆ ಸೌದೆ ಒಲೆ ಉರಿಸುವ ಮನೆಗಳು ಬಹಳ. ಆಗ ಕಿಟಕಿ, ಬಾಗಿಲು ಎರಡೂ ತೆರೆದಿರಲಿ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಒಲೆ ಊದಬೇಡಿ.

ಇನ್ನು ಹಾಸಿಗೆ. ತೆಂಗಿನ ನುಸಿ ಕೇಳಿದ್ದೀರಲ್ಲ, ಅದೇ ಬಳಗದ ಧೂಳುನುಸಿ ನಮ್ಮ ದಿಂಬು, ಕಂಬಳಿಗಳಲ್ಲಿ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ತೇವ ಇದ್ದರೆ ಬೇಗ ಹೆಚ್ಚುತ್ತದೆ. ಅದರ ಹಿಕ್ಕೆ ಧೂಳಿನಲ್ಲಿ ಸೇರಿ ಮೂಗಿಗೆ ಹೋದಾಗ ಅಲರ್ಜಿ ಇದ್ದವರಿಗೆ ಸೀನು, ಉಬ್ಬಸ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ನೀರು 60 ಡಿಗ್ರಿಯಷ್ಟು ಬಿಸಿಯಿದ್ದರೆ ನುಸಿ ಸಾಯುತ್ತದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಅಂಗಳದಲ್ಲೇ ಬಡಿದು ಒಳಗೆ ತನ್ನಿ. ಒಣ ಪೊರಕೆಯಿಂದ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಗೋಡೆಗೆ ಬೂಷ್ಟು ಹಿಡಿದಿದ್ದರೆ ಸೋಪುನೀರಲ್ಲಿ ತಿಕ್ಕಿ ಒಣಗಿಸಿ. ಸೋರುವ ಹೆಂಚು ಸರಿಮಾಡದಿದ್ದರೆ ಮತ್ತೆ ಬರುತ್ತದೆ.

ಮನೆ ಸುತ್ತ ಕಾಂಗ್ರೆಸ್ ಗಿಡ ಇದ್ದರೆ ಹೂ ಬಿಡುವ ಮೊದಲೇ ಕೀಳಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಉಬ್ಬಸ, ತುರಿಕೆ ಇರುವವರು ಈ ಕೆಲಸಕ್ಕೆ ಇಳಿಯುವುದು ಬೇಡ.

ಇಷ್ಟು ಮಾಡಿದರೂ ಡಾಕ್ಟರು ಕೊಟ್ಟ ಔಷಧಿ ನಿಲ್ಲಿಸಬಾರದು. ‘ಪಂಪು ಅಭ್ಯಾಸವಾಗಿಬಿಡುತ್ತೆ’ ಅನ್ನುವುದು ಸುಳ್ಳು. ಉಸಿರಾಡುವಾಗ ಮಗುವಿನ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮುಂದಿನ ಸಭೆಯಲ್ಲಿ ಚರ್ಚಿಸಿ: ನಮ್ಮಲ್ಲಿ ಎಷ್ಟು ಮನೆಗೆ ಸೊಳ್ಳೆಪರದೆ ಇಲ್ಲ? ಸಂಘದಿಂದ ಒಟ್ಟಿಗೆ ಕೊಂಡರೆ ಎಷ್ಟು ಕಡಿಮೆಗೆ ಸಿಗುತ್ತದೆ?