ಮಳೆ ಜೋರಾದರೆ ಮಗ ಮಲಗುವುದಿಲ್ಲ

ತಾಯೀ, 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಬೆಟ್ಟ ಜರಿದಾಗ ನಿಮ್ಮ ಮಗನಿಗೆ ಆರು ವರ್ಷ. ಈಗಲೂ ಮಳೆ ಜೋರಾದರೆ ಟಾರ್ಚು, ಸ್ಕೂಲ್ ಬ್ಯಾಗು ದಿಂಬಿನ ಪಕ್ಕ ಇಟ್ಟುಕೊಂಡು ರಾತ್ರಿಯಿಡೀ ಕೂತಿರುತ್ತಾನೆ ಎಂದಿದ್ದೀರಿ. ಅದು ಹಟವಲ್ಲ. ಮಳೆಯ ಸದ್ದು, ಹಸಿಮಣ್ಣಿನ ವಾಸನೆ ಹಳೆಯ ಭಯವನ್ನು ಎಬ್ಬಿಸುತ್ತವೆ. ಟಾರ್ಚು ಕಸಿಯಬೇಡಿ, ತುರ್ತಿನ ಚೀಲವನ್ನು ಅವನ ಜೊತೆ ಕೂತು ನೀವೇ ಜೋಡಿಸಿ, ಎಲ್ಲಿಗೆ ಹೋಗುವುದೆಂದು ಮೊದಲೇ ಮಾತಾಡಿಕೊಳ್ಳಿ. 'ಎಲ್ಲ ಮರೆತುಬಿಡು' ಎನ್ನಬೇಡಿ, ಹೇಳು ಹೇಳು ಎಂದು ಪೀಡಿಸಲೂಬೇಡಿ. (ಕುಸಿತದ ದೃಶ್ಯವನ್ನೇ ತಿರುತಿರುಗಿ ತೋರಿಸುವ ಟೀವಿಯವರಿಗೆ ಏನು ಹೇಳೋಣ! ಆಫ್ ಮಾಡಿ.) ನಂಬಿಕೆಯ ಹಿರಿಯರೊಬ್ಬರು ಜೊತೆಗಿದ್ದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೆ ಇವನು ಶಾಲೆಯನ್ನೇ ತಪ್ಪಿಸತೊಡಗಿದ್ದಾನೆ. ಇಷ್ಟು ವರ್ಷ ಉಳಿದ ಭಯಕ್ಕೆ ತಜ್ಞರ ಮಾತಿನ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಇವತ್ತೇ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.