ಅಪ್‌ಡೇಟ್ ಆದ ಮೇಲೆ ಕ್ಯಾಮೆರಾ ತೆರೆಯುತ್ತಿಲ್ಲವೇ?

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂಥ ಊರಿನಲ್ಲೂ ಫೋನಿನ ಕ್ಯಾಮೆರಾ ಈಗ ಮದುವೆ, ಜಾತ್ರೆಯ ಫೋಟೊಗಷ್ಟೇ ಸೀಮಿತವಲ್ಲ. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲ, ತೋಟದ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಸೇರಿಸುವ ವ್ಯವಸ್ಥೆ ಬಂದಿದೆ. ಅಂಗಡಿಯಲ್ಲಿ ಹಣ ಕೊಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಹೀಗಿರುವಾಗ ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿ, ಬೆಳಿಗ್ಗೆ ಕ್ಯಾಮೆರಾ ಒತ್ತಿದಾಗ ಬರೀ ಕಪ್ಪು ಪರದೆ ಕಂಡರೆ ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲೇ ಫೋನ್ ರೀಸೆಟ್ ಮಾಡಿಸಿ, ಮನೆಮಂದಿಯ ವರ್ಷಗಟ್ಟಲೆ ಫೋಟೊ ಕಳೆದುಕೊಳ್ಳಬೇಡಿ.

ಅಪ್‌ಡೇಟ್ ನಂತರ ಕ್ಯಾಮೆರಾ ನಿಂತ ಮಾತ್ರಕ್ಕೆ ಲೆನ್ಸ್ ಕೆಟ್ಟಿದೆ ಎಂದಲ್ಲ. 2024ರ ಜನವರಿಯಲ್ಲಿ ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್ ಆದ ಮೇಲೆ ಹಲವು ಪಿಕ್ಸೆಲ್ ಫೋನುಗಳಲ್ಲಿ ಕ್ಯಾಮೆರಾ ತೆರೆಯದಾಯಿತು. ಕಾರಣ, ಫೋನಿಗೆ ತನ್ನದೇ ಒಳಗಿನ ಸ್ಟೋರೇಜ್ ಸಿಗದೇ ಹೋಗಿದ್ದು.

ಮೊದಲು ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಸರಿಹೋಗದಿದ್ದರೆ ತೊಂದರೆ ಇರುವುದು ಒಂದೇ ಆ್ಯಪ್‌ನಲ್ಲೋ, ಇಡೀ ಫೋನಿನಲ್ಲೋ ಎಂದು ನೋಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಾಲ್ ಮಾಡಿ, ಹಣ ಕಳಿಸುವ ಆ್ಯಪ್‌ನಲ್ಲಿ ಸ್ಕ್ಯಾನರ್ ತೆರೆಯಿರಿ, ಮುಂದಿನ ಮತ್ತು ಹಿಂದಿನ ಎರಡೂ ಕ್ಯಾಮೆರಾ ಪರೀಕ್ಷಿಸಿ. ಅಲ್ಲಿ ಚಿತ್ರ ಬಂದರೆ ಕ್ಯಾಮೆರಾ ಗಟ್ಟಿಯಾಗಿದೆ, ಆ್ಯಪ್‌ನದಷ್ಟೇ ತಕರಾರು. ಅರ್ಧ ಚಿಂತೆ ಇಲ್ಲಿಗೇ ಕಳೆಯಿತು.

ಎಲ್ಲ ಆ್ಯಪ್‌ಗಳಲ್ಲೂ ಕಪ್ಪು ಪರದೆಯೇ ಬರುತ್ತಿದೆಯೇ? ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ‘ಕ್ಯಾಮೆರಾ ಆ್ಯಕ್ಸೆಸ್’ ಎಂಬ ಬಟನ್ ಹುಡುಕಿ. ಆಂಡ್ರಾಯ್ಡ್ 12ರಿಂದ ಬಂದ ಈ ಸ್ವಿಚ್ ಆಫ್ ಆಗಿದ್ದರೆ ಯಾವ ಆ್ಯಪ್‌ಗೂ ಕ್ಯಾಮೆರಾ ಸಿಗುವುದಿಲ್ಲ. ಕೈತಪ್ಪಿ ಒತ್ತಿಹೋಗಿರುವ ಸಾಧ್ಯತೆಯೂ ಇರುತ್ತದೆ. ಅಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ನೋಡಿ.

ಒಂದೇ ಆ್ಯಪ್ ಮೊಂಡು ಹಿಡಿದಿದ್ದರೆ ಅದರ ಪರ್ಮಿಷನ್ ನೋಡಬೇಕು. ರೈತರು ಇದನ್ನು ಗಮನಿಸಲೇಬೇಕು. ಆಂಡ್ರಾಯ್ಡ್ 11 ಮತ್ತು ನಂತರದ ಫೋನುಗಳು ತಿಂಗಳುಗಟ್ಟಲೆ ತೆರೆಯದ ಆ್ಯಪ್‌ಗೆ ಕೊಟ್ಟಿದ್ದ ಅನುಮತಿಯನ್ನು ತಾವಾಗಿಯೇ ವಾಪಸ್ ಪಡೆಯುತ್ತವೆ. ಬೆಳೆ ಸಮೀಕ್ಷೆಯಂತೆ ಹಂಗಾಮಿಗೊಮ್ಮೆ ತೆರೆಯುವ ಆ್ಯಪ್‌ಗಳಿಗೆ ಹೀಗಾಗುವುದು ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ಆ ಆ್ಯಪ್ ಒತ್ತಿ, ಪರ್ಮಿಷನ್ಸ್‌ನಲ್ಲಿ ಕ್ಯಾಮೆರಾ ಮತ್ತು ಲೊಕೇಷನ್ ಎರಡನ್ನೂ ಆನ್ ಮಾಡಿ.

ಫೋನಿನದೇ ಕ್ಯಾಮೆರಾ ಆ್ಯಪ್ ಕೈಕೊಟ್ಟಿದ್ದರೆ ಅದನ್ನು ಫೋರ್ಸ್ ಸ್ಟಾಪ್ ಮಾಡಿ, ನಂತರ ಸ್ಟೋರೇಜ್ ಒಳಗೆ ‘ಕ್ಲಿಯರ್ ಕ್ಯಾಶ್’ ಒತ್ತಿ. ಆಗಲೂ ಆಗದಿದ್ದರೆ ‘ಕ್ಲಿಯರ್ ಡೇಟಾ’. ಇದರಿಂದ ಕ್ಯಾಮೆರಾದ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತದೆ, ಗ್ಯಾಲರಿಯ ಫೋಟೊಗಳು ಉಳಿಯುತ್ತವೆ. ಆದರೆ ಸಮೀಕ್ಷೆ, ಹಾಜರಾತಿಯ ಆ್ಯಪ್‌ಗಳಿಗೆ ಇದೇ ಮಾತು ಅನ್ವಯಿಸದು. ನೆಟ್‌ವರ್ಕ್ ಸಿಗದ ತೋಟದಲ್ಲಿ ತೆಗೆದು, ಇನ್ನೂ ಅಪ್‌ಲೋಡ್ ಆಗದ ಫೋಟೊ ಆ ಆ್ಯಪ್‌ನೊಳಗೇ ಇರಬಹುದು. ಅಲ್ಲಿ ಕ್ಲಿಯರ್ ಡೇಟಾ ಒತ್ತಿದರೆ ದಿನವಿಡೀ ಓಡಾಡಿದ ಶ್ರಮ ಹೋಗುತ್ತದೆ. ಮೊದಲು ಸಿಗ್ನಲ್ ಇರುವ ಕಡೆ ಬಂದು ಅಪ್‌ಲೋಡ್ ಮುಗಿಸಿ.

ಪ್ಲೇ ಸ್ಟೋರ್‌ನಲ್ಲಿ ಬಾಕಿ ಇರುವ ಆ್ಯಪ್ ಅಪ್‌ಡೇಟ್‌ಗಳನ್ನೂ ಮುಗಿಸಿ. ಹೊಸ ಸಾಫ್ಟ್‌ವೇರ್‌ಗೆ ಹಳೆಯ ಆ್ಯಪ್ ಹೊಂದದಿರುವುದುಂಟು. ಸ್ಟೋರೇಜ್ ತುಂಬಿದ್ದರೆ ಬೇಡದ ವಿಡಿಯೊ ಅಳಿಸಿ ಜಾಗ ಮಾಡಿಕೊಳ್ಳಿ.

ಇಷ್ಟಾದರೂ ಸರಿಹೋಗದಿದ್ದರೆ ಸೇಫ್ ಮೋಡ್ ಇದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಆಫ್ ಚಿಹ್ನೆಯನ್ನು ಒತ್ತಿ ಹಿಡಿದರೆ ಅದು ಸಿಗುತ್ತದೆ. ಆಗ ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ತಾತ್ಕಾಲಿಕವಾಗಿ ನಿಲ್ಲುತ್ತವೆ. ಅಲ್ಲಿ ಕ್ಯಾಮೆರಾ ತೆರೆದರೆ ಯಾವುದೋ ಆ್ಯಪ್ ಅಡ್ಡಗಾಲು ಹಾಕುತ್ತಿದೆ ಎಂದರ್ಥ. ಫೋನ್ ರೀಸ್ಟಾರ್ಟ್ ಮಾಡಿ, ಇತ್ತೀಚೆಗೆ ಹಾಕಿದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಸ್ಯಾಮ್‌ಸಂಗ್ ಫೋನಾದರೆ ಡಯಲ್ ಪ್ಯಾಡ್‌ನಲ್ಲಿ *#0*# ಒತ್ತಿದಾಗ ಸಾಮಾನ್ಯವಾಗಿ ಪರೀಕ್ಷೆಯ ಪಟ್ಟಿ ತೆರೆದು, ಎರಡೂ ಬದಿಯ ಕ್ಯಾಮೆರಾವನ್ನು ನೇರವಾಗಿ ನೋಡಬಹುದು.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಿ. ಜೇಬಿನಲ್ಲೇ ನೆನೆದ ಫೋನಿನ ಲೆನ್ಸ್ ಒಳಗೆ ಮಂಜು ಕಟ್ಟಿದ್ದರೆ, ಅಥವಾ ಫೋನ್ ಇತ್ತೀಚೆಗೆ ಬಿದ್ದಿದ್ದರೆ, ಅಪ್‌ಡೇಟ್ ಅದೇ ದಿನ ಆಗಿದ್ದು ಕಾಕತಾಳೀಯವೂ ಇರಬಹುದು. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ, ಫೋನ್ ಬಿಚ್ಚಿಸಬೇಕಾಗಬಹುದು.

ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯ ದಾರಿ. ಅದಕ್ಕೂ ಮೊದಲು, ಕಂಪನಿ ಸರಿಪಡಿಸುವ ಅಪ್‌ಡೇಟ್ ಬಿಟ್ಟಿದೆಯೇ ಎಂದು ಸೆಟ್ಟಿಂಗ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಕೆಲವು ದಿನ ನೋಡುವುದು ಒಳ್ಳೆಯದು. ಮಾಡಲೇಬೇಕಾದರೆ ಫೋಟೊ, ನಂಬರ್, ವಾಟ್ಸ್ಆ್ಯಪ್ ಚಾಟ್ ಎಲ್ಲದರ ಬ್ಯಾಕಪ್ ತೆಗೆದುಕೊಳ್ಳಿ, ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಯಾರಾದರೂ ಹಳೆಯ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಫೋನ್ ಪೂರ್ತಿ ಸತ್ತುಹೋಗುವ ಅಪಾಯ ಅದರಲ್ಲಿದೆ.

ಸರ್ವಿಸ್ ಸೆಂಟರ್‌ನ ನಂಬರ್ ಅನ್ನು ಗೂಗಲ್‌ನಲ್ಲಿ ಸಿಕ್ಕಲ್ಲೆಲ್ಲ ಹುಡುಕದೆ ಫೋನಿನ ಡಬ್ಬ ಅಥವಾ ಕಂಪನಿಯ ಅಧಿಕೃತ ವೆಬ್‌ಸೈಟ್‌ನಿಂದಲೇ ತೆಗೆದುಕೊಳ್ಳಿ. ‘ಈ ಆ್ಯಪ್ ಹಾಕಿಕೊಳ್ಳಿ, ಇಲ್ಲಿಂದಲೇ ಸರಿಮಾಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಕರೆ ಕಡಿತಗೊಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಿಪೇರಿಗೆ ಕೊಡುವಾಗ ಸಿಮ್ ತೆಗೆದಿಟ್ಟುಕೊಳ್ಳಿ, ಯುಪಿಐ ಪಿನ್ ಯಾರಿಗೂ ಹೇಳಬೇಡಿ, ‘ಅಪ್‌ಡೇಟ್ ನಂತರ ಕ್ಯಾಮೆರಾ ನಿಂತಿದೆ’ ಎಂದು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ವಾರಂಟಿ ಇದ್ದೂ ದುರಸ್ತಿಗೆ ಒಪ್ಪದಿದ್ದರೆ ಬಿಲ್ ಮತ್ತು ಆ ಜಾಬ್ ಶೀಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.