ಲ್ಯಾಪ್‌ಟಾಪ್ ಸಣ್ಣ ರಿಪೇರಿ: ಎಲ್ಲಿವರೆಗೆ ನಮ್ಮ ಕೈ?

ಮಾನಸಗಂಗೋತ್ರಿ, ಮಹಾರಾಜ ಕಾಲೇಜು ಅಂತ ಮೈಸೂರಿಗೆ ಓದಲು ಹೋಗುವ ಮಕ್ಕಳಿಂದಾಗಿ ಸುತ್ತಲ ಹಳ್ಳಿಮನೆಗಳಿಗೂ ಲ್ಯಾಪ್‌ಟಾಪ್ ಬಂದಿದೆ. ಎಷ್ಟೋ ಮನೆಗಳಲ್ಲಿ ಅದು ಸೆಕೆಂಡ್‌ಹ್ಯಾಂಡ್, ರಾಗಿ-ಅವರೆ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಪರೀಕ್ಷೆ ಹೊತ್ತಿಗೆ ಕೈಕೊಟ್ಟರೆ ಓದು ನಿಲ್ಲುತ್ತೆ. ಪೇಟೆಗೆ ಒಯ್ದರೆ ಒಂದು ದಿನದ ಕೆಲಸ ಹೋಯ್ತು, ಬಿಚ್ಚಿ ನೋಡೋದಕ್ಕೇ ಬೇರೆ ಚಾರ್ಜು. ಸ್ಪ್ರೇಯರ್ ನಾಜಲ್ ಬಿಚ್ಚಿ ತೊಳೆದು ಕೂರಿಸುವವರಿಗೆ ಇದರ ಸಣ್ಣ ತಕರಾರು ಕಷ್ಟವಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನೋದು ಮಾತ್ರ ಗೊತ್ತಿರಬೇಕು.

ಮೊದಲ ನಿಯಮ: ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಹೊರಗೆ ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು ಆಮೇಲೆ ಕೈಯಿಡಿ.

ಬಿಸಿ ಮತ್ತು ಸದ್ದು

ಫ್ಯಾನ್ ಗೊರಗೊರ ಅಂದರೆ, ತೊಡೆ ಸುಡುವಷ್ಟು ಬಿಸಿಯಾದರೆ ಮೊದಲು ಧೂಳನ್ನು ಅನುಮಾನಿಸಿ. ಒಕ್ಕಣೆ ಕಾಲದಲ್ಲಿ ಹೊಟ್ಟು, ಧೂಳು ಗಾಳಿಕಿಂಡಿಗೆ ಸೇರುತ್ತೆ. ಮೆತ್ತನೆ ಬ್ರಶ್ಶು, ಗಡಿಯಾರ ರಿಪೇರಿಯವರ ರಬ್ಬರ್ ಬುರುಡೆ ಸಾಕು. ಬಾಯಿಂದ ಊದಬೇಡಿ, ಎಂಜಲು ಹಾರುತ್ತೆ. ಪಂಚರ್ ಅಂಗಡಿಯ ಗಾಳಿಯೂ ಬೇಡ; ಅದರಲ್ಲಿ ನೀರು-ಎಣ್ಣೆ ಅಂಶ ಇರುತ್ತೆ, ಒತ್ತಡವೂ ಜಾಸ್ತಿ. ತಳದ ಮುಚ್ಚಳ ಬಿಚ್ಚಿದರೆ ಫ್ಯಾನ್ ತಿರುಗದಂತೆ ಒಂದು ಕಡ್ಡಿ ಅಡ್ಡ ಹಿಡಿದು ಊದಿ.

ಸ್ಕ್ರೂಗಳ ಉದ್ದ ಒಂದೇ ಇರಲ್ಲ. ಹಾಳೆ ಮೇಲೆ ಮುಚ್ಚಳದ ಚಿತ್ರ ಬರೆದು, ಯಾವ ತೂತಿನ ಸ್ಕ್ರೂ ಅಲ್ಲೇ ಇಡಿ. ಗಿಡ್ಡದರ ಜಾಗಕ್ಕೆ ಉದ್ದದ್ದು ತಿರುಗಿಸಿದರೆ ಒಳಗಿನ ಬೋರ್ಡಿಗೇ ಚುಚ್ಚುತ್ತೆ.

ತಳದ ರಬ್ಬರ್ ಕಾಲು ಬಿದ್ದುಹೋಗಿದ್ದರೆ ಗಾಳಿ ಆಡಲ್ಲ. ಹಳೆ ಸೈಕಲ್ ಟ್ಯೂಬಿನ ಚೂರುಗಳನ್ನು ಒಂದರ ಮೇಲೊಂದು ಪಂಚರ್ ಸಲ್ಯೂಷನ್‌ನಲ್ಲಿ ಅಂಟಿಸಿ. ಹಾಸಿಗೆ ಮೇಲಿಟ್ಟು ಓಡಿಸೋದು ಬಿಡಿ.

ಒತ್ತದ ಕೀಲಿ

ಕವುಚಿ ಮೆಲ್ಲಗೆ ತಟ್ಟಿ, ಬ್ರಶ್ಶು ಆಡಿಸಿ. ಅಂಟು ಹೋಗದಿದ್ದರೆ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಯಲ್ಲಿ ಐಪಿಎ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ. ಹತ್ತಿಗೆ ಒಂದೆರಡು ಹನಿ ಸಾಕು, ಒಣಗಿದ ಮೇಲೇ ಕರೆಂಟು ಕೊಡಿ. ಪೆಟ್ರೋಲು, ಥಿನ್ನರ್ ತಾಗಿಸಿದರೆ ಪ್ಲಾಸ್ಟಿಕ್ ಹಾಳು. ಹಲವು ಕೀಲಿ ಸತ್ತಿದ್ದರೆ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ಕೆಲಸ ಸಾಗಿಸಬಹುದು.

ಚಾರ್ಜರ್

ವೈರು ಹೆಚ್ಚಾಗಿ ತುಂಡಾಗೋದು ಪಿನ್ನಿನ ಬುಡದಲ್ಲಿ. ಬಿಗಿಯಾಗಿ ಸುತ್ತಿಡೋದೇ ಕಾರಣ. ಹಗ್ಗದ ಸುರುಳಿ ಹಾಗೆ ಸಡಿಲ ಇರಲಿ. ಒಳಗಿನ ತಂತಿ ಕಂಡರೆ ಟೇಪು ಸುತ್ತಿ ನಂಬಬೇಡಿ, ಬದಲಾಯಿಸಿ. ಹೊಸದು ತರುವಾಗ ಹಳೆಯದರ ಚೀಟಿ ಓದಿ. 19 ವೋಲ್ಟ್, 3.42 ಆಂಪ್ ಅಂತಿದ್ದರೆ 65 ವ್ಯಾಟ್ ಲೆಕ್ಕ. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಹೆಚ್ಚಿದ್ದರೂ ನಡೆಯುತ್ತೆ, ಕಮ್ಮಿ ಇರಬಾರದು. ಪಿನ್ನಿನ ಗಾತ್ರ, ಪ್ಲಸ್-ಮೈನಸ್ ಗುರುತೂ ಹೊಂದಬೇಕು.

ಚಾರ್ಜ್ ಮಾಡುವಾಗ ಮೈ ಮುಟ್ಟಿದರೆ ಜುಮ್ ಅನ್ನುತ್ತಾ? ಪ್ಲಗ್ಗಿಗೆ ಮೂರು ಪಿನ್ ಇದ್ದರೆ ಮನೆಯ ಅರ್ತಿಂಗ್ ನೋಡಿಸಿ. ನಮ್ಮ ಖುಷ್ಕಿ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗಿ ಕೆಲಸ ಮಾಡಲ್ಲ. ಆಗಾಗ ಗುಂಡಿಗೆ ನೀರು ಹಾಕಿ. ಇದು ಲ್ಯಾಪ್‌ಟಾಪಿಗಲ್ಲ, ಮನೆಯವರ ಜೀವಕ್ಕೇ ಬೇಕಾದ್ದು.

ತಾರೀಕು ತಪ್ಪಿದರೆ

ಪ್ರತಿಸಲ ಆನ್ ಮಾಡಿದಾಗ ಯಾವುದೋ ಹಳೇ ಇಸವಿ ತೋರಿಸಿದರೆ ಒಳಗಿನ ಬಿಲ್ಲೆ ಸೆಲ್ ಮುಗಿದಿದೆ ಅಂತ ಊಹಿಸಬಹುದು. ಹಳೆ ಯಂತ್ರಗಳಲ್ಲಿ ಹೆಚ್ಚಾಗಿ ಸಿಆರ್ 2032: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಅದೇ ನಂಬರಿನದ್ದು ಹಾಕಿ. ಹಳೆ ಸೆಲ್ಲನ್ನು ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ. ನುಂಗಿದರೆ ಅನ್ನನಾಳ ಸುಡುತ್ತೆ. ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ಇಲ್ಲಿ ಕೈ ತೆಗೆಯಿರಿ

ಮೌಸಿನ ಪಟ್ಟಿ ಮೇಲೆದ್ದಿದೆ, ಒತ್ತಿದರೆ ಟಕ್ ಅನ್ನಲ್ಲ, ತಳ ಮೇಜಿನ ಮೇಲೆ ಸಮ ಕೂರಲ್ಲ ಅಂದರೆ ಬ್ಯಾಟರಿ ಊದಿರಬಹುದು. ಲೀಥಿಯಂ ಬ್ಯಾಟರಿ ಒಳಗೆ ಗ್ಯಾಸ್ ತುಂಬಿದಾಗ ಹೀಗಾಗುತ್ತೆ. ಒತ್ತಿ ಕೂರಿಸೋದು, ಸೂಜಿ ಚುಚ್ಚೋದು ಮಾಡಿದರೆ ಬೆಂಕಿ ಹತ್ತುತ್ತೆ. ತಕ್ಷಣ ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಹುಲ್ಲು, ಸೌದೆ, ಹಾಸಿಗೆಯಿಂದ ದೂರ ಇಡಿ. ಬದಲಾಯಿಸೋದು ತಿಳಿದವರ ಕೆಲಸ.

ತೆಗೆದ ಬ್ಯಾಟರಿಯನ್ನು ತಿಪ್ಪೆಗೋ ಕಸದ ಗಾಡಿಗೋ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಕೇಳಿ. ಬಂಡೀಪಾಳ್ಯದ ಎಪಿಎಂಸಿಗೆ ಮಾಲು ತರುವ ದಿನ ಈ ಕೆಲಸವನ್ನೂ ಸೇರಿಸಿಕೊಂಡರೆ ಬಸ್ ಚಾರ್ಜೂ ಉಳಿಯುತ್ತೆ.